ದೀರ್ಘದೂರದ ಮೌಂಟನ್ ಬೈಕ್ ಮತ್ತು ರಸ್ತೆ ಸೈಕಲ್ ಸ್ಪರ್ಧೆಗಳು

ದೀರ್ಘದೂರದ ಸೈಕಲ್ ಸ್ಪರ್ಧೆಯು ಸವಾರರ ಕ್ಷಣದ ವೇಗಕ್ಕಿಂತ ಹೆಚ್ಚಾಗಿ ಅವರ ತಾಳಿಕೆಯನ್ನು ಒರೆಗೆ ಹಚ್ಚುವ ಕ್ರೀಡೆಯಾಗಿದೆ. ಇದರಲ್ಲಿ ಎರಡು ಮುಖ್ಯ ಕವಲುಗಳಿವೆ: ಡಾಂಬರು ರಸ್ತೆಯ ಮೇಲೆ ನಡೆಯುವ ರಸ್ತೆ ಸ್ಪರ್ಧೆ, ಮಣ್ಣುದಾರಿ, ಕಾಲುದಾರಿ ಮತ್ತು ಗುಡ್ಡಗಳ ಕಡಿದಾದ ಹಾದಿಗಳಲ್ಲಿ ನಡೆಯುವ ಮೌಂಟನ್ ಬೈಕ್ ಸ್ಪರ್ಧೆ. ಇವೆರಡರಲ್ಲಿ ಯಾವುದು ಹೆಚ್ಚು ಕಠಿಣ ಎಂಬುದನ್ನು ಕಿಲೋಮೀಟರುಗಳ ಲೆಕ್ಕದಲ್ಲಿ ತೀರ್ಮಾನಿಸುವುದು ವಾಡಿಕೆ. ಆದರೆ ಆ ಅಳತೆಗೋಲು ಸರಿಯಾದುದಲ್ಲ. ರಸ್ತೆ ಸ್ಪರ್ಧೆಯಲ್ಲಿ ಸವಾರನ ಶಕ್ತಿಯನ್ನು ಗಾಳಿ, ನಿದ್ರಾಹೀನತೆ ಮತ್ತು ಒಂದೇ ಬಗೆಯ ಚಲನೆಯ ಪುನರಾವರ್ತನೆ ಹೀರುತ್ತವೆ. ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ನೆಲ ಮತ್ತು ಎಡೆಬಿಡದ ಎಚ್ಚರ ಹೀರುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ತುಮರಿ ಪರಿಸರದಲ್ಲಿ ಈ ಎರಡು ಬಗೆಯ ದಾರಿಗಳೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಸಿಗುವುದರಿಂದ, ಹೋಲಿಕೆಗೆ ಆ ಪ್ರದೇಶವು ಉತ್ತಮ ನಿದರ್ಶನವಾಗಿದೆ.

ಇತಿಹಾಸ

ರಸ್ತೆ ಸ್ಪರ್ಧೆಯ ಚರಿತ್ರೆ ಹಳೆಯದು. 1869ರಲ್ಲಿ ಪ್ಯಾರಿಸ್‌ನಿಂದ ರೂಆನ್ ನಗರದವರೆಗೆ ನಡೆದ ಸುಮಾರು 123 ಕಿ.ಮೀ. ಸ್ಪರ್ಧೆಯನ್ನು ಊರಿನಿಂದೂರಿಗೆ ನಡೆದ ಮೊದಲ ದೀರ್ಘದೂರ ಸ್ಪರ್ಧೆಯೆಂದು ಪರಿಗಣಿಸಲಾಗುತ್ತದೆ. 1891ರಲ್ಲಿ ಸುಮಾರು 1,200 ಕಿ.ಮೀ. ದೂರದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಆರಂಭವಾಯಿತು. ಅದರ ಮೊದಲ ವಿಜೇತ ಶಾರ್ಲ್ ತೆರೋಂ ಮೂರು ದಿನಕ್ಕೂ ಕಡಿಮೆ ಅವಧಿಯಲ್ಲಿ ದೂರವನ್ನು ಕ್ರಮಿಸಿದನು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಮೊದಲುಗೊಂಡಿತು.

ಮೌಂಟನ್ ಬೈಕ್ ಇದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯ ಕೂಸು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುತ್ತಾ ಈ ಆಟವನ್ನು ರೂಪಿಸಿದರು. 1990ರಲ್ಲಿ ಇದರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ವಿಭಾಗ ಸೇರ್ಪಡೆಯಾಯಿತು. ದೀರ್ಘದೂರದ ವಿಭಾಗವಾದ ಮ್ಯಾರಥಾನ್‌ಗೆ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ 2003ರಿಂದ ನಡೆಯುತ್ತಿದೆ.

ಆರಂಭದ ರಸ್ತೆ ಸ್ಪರ್ಧೆಗಳು ಇಂದಿನ ರಸ್ತೆ ಸ್ಪರ್ಧೆಗಿಂತ ಇಂದಿನ ಮೌಂಟನ್ ಬೈಕ್ ಸ್ಪರ್ಧೆಗೇ ಹತ್ತಿರವಾಗಿದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಆಗಿನ ರಸ್ತೆಗಳು ಮಣ್ಣು ಮತ್ತು ಜಲ್ಲಿಯವು. ಸೈಕಲ್ ಕೆಟ್ಟರೆ ಸವಾರನೇ ಸರಿಪಡಿಸಿಕೊಳ್ಳಬೇಕಿತ್ತು. 1913ರ ಟೂರ್‌ನಲ್ಲಿ ಯೂಜೆನ್ ಕ್ರಿಸ್ಟೋಫ್ ಎಂಬ ಸವಾರನ ಸೈಕಲ್ಲಿನ ಮುಂಗವಲು ಟೂರ್ಮಲೆ ಘಟ್ಟದ ಇಳಿಜಾರಿನಲ್ಲಿ ಮುರಿಯಿತು. ಆತ ಸೈಕಲ್ಲನ್ನು ಹೊತ್ತು ಹತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದು, ಕೆಳಗಿನ ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬೆಸೆದುಕೊಂಡನು. ತಿದಿ ಒತ್ತಲು ಒಬ್ಬ ಹುಡುಗ ನೆರವಾದನೆಂಬ ಕಾರಣಕ್ಕೆ ಅವನಿಗೆ ದಂಡದ ಸಮಯವನ್ನೂ ವಿಧಿಸಲಾಯಿತು. ಇಂದಿನ ಟೂರ್‌ನಲ್ಲಿ ಸೈಕಲ್ ಕೆಟ್ಟರೆ ಹಿಂದಿನ ವಾಹನದಿಂದ ಬೇರೊಂದು ಸೈಕಲ್ ಕೆಲವೇ ಕ್ಷಣಗಳಲ್ಲಿ ಕೈಗೆ ಬರುತ್ತದೆ.

ದೂರ ಮತ್ತು ಕಾಲಮಿತಿ

ರಸ್ತೆಯಲ್ಲಿ ದೀರ್ಘದೂರವೆಂದರೆ ಸಾಮಾನ್ಯವಾಗಿ 200 ಕಿ.ಮೀ. ಮತ್ತು ಅದಕ್ಕಿಂತ ಹೆಚ್ಚು. ಭಾರತದಲ್ಲಿ ಹೆಚ್ಚು ಪರಿಚಿತವಾಗಿರುವ ಬ್ರೆವೆ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆಗಳ ಮಿತಿಯಿದೆ. ಬ್ರೆವೆಯು ಕಟ್ಟುನಿಟ್ಟಾದ ಅರ್ಥದಲ್ಲಿ ಸ್ಪರ್ಧೆಯಲ್ಲ. ಅದರಲ್ಲಿ ಮೊದಲ, ಎರಡನೆಯ ಸ್ಥಾನಗಳಿಲ್ಲ. ಇಂದಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸಹ ಇದೇ ಬಗೆಯದು. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅದರ ಗರಿಷ್ಠ ಅವಧಿ 90 ಗಂಟೆ. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕದ ಪಶ್ಚಿಮ ತೀರದಿಂದ ಪೂರ್ವ ತೀರದವರೆಗೆ ಸುಮಾರು 4,800 ಕಿ.ಮೀ. ಸಾಗುವ ರೇಸ್ ಅಕ್ರಾಸ್ ಅಮೆರಿಕ ನಿಜವಾದ ಸ್ಪರ್ಧೆ. ಗಡಿಯಾರವು ಎಲ್ಲಿಯೂ ನಿಲ್ಲದ ಈ ಸ್ಪರ್ಧೆಯನ್ನು 2017ರಲ್ಲಿ ಶ್ರೀನಿವಾಸ ಗೋಕುಲನಾಥ್ ಏಕಾಂಗಿಯಾಗಿ ಮುಗಿಸಿ, ಹಾಗೆ ಮುಗಿಸಿದ ಮೊದಲ ಭಾರತೀಯರೆನಿಸಿದರು.

ಮೌಂಟನ್ ಬೈಕ್ ಮ್ಯಾರಥಾನ್‌ಗಳ ದೂರ ಸಾಮಾನ್ಯವಾಗಿ 60ರಿಂದ 160 ಕಿ.ಮೀ. ದಕ್ಷಿಣ ಆಫ್ರಿಕದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಎಂಟು ದಿನಗಳ ಸ್ಪರ್ಧೆ. ಅದರಲ್ಲಿ ಇಬ್ಬರು ಸವಾರರದು ಒಂದು ತಂಡ. ಅವರಿಬ್ಬರ ನಡುವಿನ ಅಂತರ ಎರಡು ನಿಮಿಷವನ್ನು ಮೀರುವಂತಿಲ್ಲ. ಅಮೆರಿಕದ ಕೊಲರಾಡೊದಲ್ಲಿ ನಡೆಯುವ ಲೆಡ್‌ವಿಲ್ ಸ್ಪರ್ಧೆಯು 100 ಮೈಲಿಯದು. ಅದರ ಹಾದಿ ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿ ಆರಂಭವಾಗುತ್ತದೆ, ಮತ್ತು ಪೂರ್ಣಗೊಳಿಸಿದವರಿಗೆ ದೊರೆಯುವ ಗೌರವದ ಬಕಲ್ಲಿಗಾಗಿ 12 ಗಂಟೆಗಳೊಳಗೆ ಮುಗಿಸಬೇಕು.

ಈ ಮಿತಿಗಳನ್ನು ಸರಾಸರಿ ವೇಗಕ್ಕೆ ಪರಿವರ್ತಿಸಿ ನೋಡಿದರೆ ಕುತೂಹಲಕರ ಸಂಗತಿಯೊಂದು ಕಾಣುತ್ತದೆ. 200 ಕಿ.ಮೀ. ಬ್ರೆವೆಗೆ ಗಂಟೆಗೆ ಸುಮಾರು 14.8 ಕಿ.ಮೀ., ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ 13.3 ಕಿ.ಮೀ., ಲೆಡ್‌ವಿಲ್‌ಗೆ 13.4 ಕಿ.ಮೀ. ವೇಗ ಸಾಕು. ಅಂಕಿಗಳು ಹೆಚ್ಚುಕಡಿಮೆ ಒಂದೇ. ಆದರೆ ಅವುಗಳ ಒಳಗಿರುವ ಕಾಲ ಬೇರೆ. ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಾಗುವ ಸವಾರನು 200 ಕಿ.ಮೀ.ಯನ್ನು ಎಂಟು ಗಂಟೆಗಳಲ್ಲಿ ಮುಗಿಸಬಲ್ಲನು. ಉಳಿದ ಐದೂವರೆ ಗಂಟೆ ಊಟ, ವಿಶ್ರಾಂತಿ, ಪಂಕ್ಚರುಗಳಿಗೆ ದೊರೆಯುವ ಸಾಲ. ಗುಡ್ಡದ ಹಾದಿಯಲ್ಲಿ ಹಾಗೆ ಸಾಲ ಸಿಗುವುದಿಲ್ಲ. ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಗಂಟೆಗೆ ನಾಲ್ಕೈದು ಕಿ.ಮೀ. ನಡೆದ ಹೊತ್ತನ್ನು ಇಳಿಜಾರಿನಲ್ಲಿ ಮರಳಿ ಗಳಿಸಲು ಆಗದು. ಇಳಿಜಾರೇ ಅತ್ಯಂತ ಎಚ್ಚರ ಬೇಡುವ ಭಾಗ.

ಗಾಳಿ ಮತ್ತು ನೆಲ

ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದರಲ್ಲೇ ವ್ಯಯವಾಗುತ್ತದೆ. ಆದುದರಿಂದಲೇ ರಸ್ತೆ ಸವಾರರು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡಂತೆ ಸಾಗುತ್ತಾರೆ. ಹಿಂದಿನ ಸವಾರನಿಗೆ ಶ್ರಮದಲ್ಲಿ ಗಣನೀಯ ಉಳಿತಾಯವಾಗುತ್ತದೆ. ಸ್ಪರ್ಧೆಯ ತಂತ್ರವೆಲ್ಲ ಈ ಉಳಿತಾಯದ ಸುತ್ತ ಹೆಣೆದುಕೊಂಡಿದೆ: ಯಾರು ಮುಂದೆ ನಿಂತು ಗಾಳಿಗೆ ಎದೆಯೊಡ್ಡುತ್ತಾರೆ, ಯಾರು ಹಿಂದೆ ಅವಿತಿರುತ್ತಾರೆ ಎಂಬುದು ಕೊನೆಯ ಕಿಲೋಮೀಟರುಗಳಲ್ಲಿ ಫಲ ಕೊಡುತ್ತದೆ. ರೇಸ್ ಅಕ್ರಾಸ್ ಅಮೆರಿಕದಂತಹ ಏಕಾಂಗಿ ಸ್ಪರ್ಧೆಗಳಲ್ಲಿ ಮಾತ್ರ ಹೀಗೆ ಇನ್ನೊಬ್ಬರ ಮರೆಯಲ್ಲಿ ಸಾಗುವುದು ನಿಷಿದ್ಧ.

ಗುಡ್ಡದ ಏರಿನಲ್ಲಿ ಗಂಟೆಗೆ 8–10 ಕಿ.ಮೀ. ವೇಗದಲ್ಲಿರುವ ಮೌಂಟನ್ ಬೈಕ್ ಸವಾರನಿಗೆ ಗಾಳಿಯ ಚಿಂತೆ ಇಲ್ಲ. ಅವನ ಎದುರಾಳಿಗಳು ಗುರುತ್ವ ಮತ್ತು ನೆಲ. ಸಡಿಲ ಜಲ್ಲಿಯಲ್ಲಿ ಹಿಂದಿನ ಚಕ್ರ ಜಾರಿದರೆ ತುಳಿದ ಶಕ್ತಿಯೆಲ್ಲ ಮಣ್ಣುಪಾಲು. ಬೇರು, ಬಂಡೆ, ಕೊರಕಲುಗಳನ್ನು ದಾಟಲು ಪ್ರತಿ ಬಾರಿಯೂ ಕ್ಷಣಕಾಲ ಪೂರ್ಣ ಬಲವನ್ನು ಹಾಕಬೇಕಾಗುತ್ತದೆ. ಹೀಗಾಗಿ ರಸ್ತೆ ಸವಾರನ ಶ್ರಮ ಹೊಳೆಯ ಹರಿವಿನಂತೆ ಒಂದೇ ಸಮನಾಗಿದ್ದರೆ, ಗುಡ್ಡದ ಸವಾರನದು ನೂರಾರು ಸಣ್ಣ ಸ್ಫೋಟಗಳ ಮೊತ್ತ. ಕಿರಿದಾದ ದಾರಿಯಲ್ಲಿ ಮುಂದಿನವನನ್ನು ದಾಟಲು ಜಾಗವೇ ಇರುವುದಿಲ್ಲವಾದ್ದರಿಂದ, ಅನೇಕರು ಆರಂಭದಲ್ಲೇ ಶಕ್ತಿ ಮೀರಿ ಓಡಿಸಿ ಮುಂದಿನ ಸ್ಥಾನ ಹಿಡಿಯುತ್ತಾರೆ. ದೀರ್ಘದೂರದಲ್ಲಿ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು.

ದೇಹದ ಮೇಲಿನ ಪರಿಣಾಮ

ದೇಹದ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೋಜನ್ ತೀವ್ರ ಶ್ರಮದಲ್ಲಿ ಸುಮಾರು ಎರಡು ಗಂಟೆಗಳೊಳಗೆ ಬಹುತೇಕ ಬರಿದಾಗುತ್ತದೆ. ಆದ್ದರಿಂದ ಎರಡೂ ಪ್ರಕಾರಗಳಲ್ಲಿ ಹಸಿವಾಗುವ ಮುನ್ನವೇ ತಿನ್ನುತ್ತಿರಬೇಕು. ಗಂಟೆಗೆ 60–90 ಗ್ರಾಂ ಪಿಷ್ಟ ಹಾಗೂ ಸಕ್ಕರೆ ಪದಾರ್ಥಗಳನ್ನು ಸೇವಿಸುವುದು ಇಂದಿನ ಪದ್ಧತಿ. ರಸ್ತೆಯಲ್ಲಿ ಇದು ಸುಲಭ: ಒಂದು ಕೈ ಬಿಟ್ಟು ಬಾಳೆಹಣ್ಣು ಸುಲಿಯಬಹುದು. ಗುಡ್ಡದಲ್ಲಿ ಹಿಡಿಯಿಂದ ಕೈ ತೆಗೆಯುವ ಅವಕಾಶ ವಿರಳ. ಅಲ್ಲಿ ಸವಾರರು ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡು ಕೊಳವೆಯಿಂದ ಕುಡಿಯುತ್ತಾರೆ, ಮತ್ತು ಹಾದಿಯ ಯಾವ ತಿರುವಿನಲ್ಲಿ ತಿನ್ನಬಹುದೆಂಬುದನ್ನು ಮೊದಲೇ ಗುರುತು ಮಾಡಿಕೊಂಡಿರುತ್ತಾರೆ.

ನೋವಿನ ಜಾಗಗಳೂ ಬೇರೆಬೇರೆ. ರಸ್ತೆ ಸವಾರನಿಗೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ಆಸನದ ಹುಣ್ಣು, ಮಂಡಿನೋವು, ಕುತ್ತಿಗೆಯ ಬಿಗಿತ ಬರುತ್ತವೆ. ಅತಿ ದೂರದ ಸ್ಪರ್ಧೆಗಳಲ್ಲಿ ಕುತ್ತಿಗೆಯ ಸ್ನಾಯುಗಳು ಸೋತು ತಲೆ ಎತ್ತಲಾಗದ ಸ್ಥಿತಿಯೂ ಉಂಟಾಗುತ್ತದೆ. 1983ರ ರೇಸ್ ಅಕ್ರಾಸ್ ಅಮೆರಿಕದಲ್ಲಿ ಇದಕ್ಕೆ ತುತ್ತಾದ ಮೈಕೆಲ್ ಶರ್ಮರ್ ಅವರಿಂದ ಇದಕ್ಕೆ ‘ಶರ್ಮರ್ ಕುತ್ತಿಗೆ’ ಎಂಬ ಹೆಸರು ಬಂದಿದೆ. ಮೌಂಟನ್ ಬೈಕ್ ಸವಾರನಿಗೆ ಅಂಗೈ, ಮುಂಗೈ, ಭುಜ ಮತ್ತು ಸೊಂಟಗಳು ಮೊದಲು ಸೋಲುತ್ತವೆ. ದೀರ್ಘ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಬೆರಳುಗಳು ಮರಗಟ್ಟುವುದು ಸಾಮಾನ್ಯ.

ಬೀಳುವಿಕೆ ಗುಡ್ಡದಲ್ಲಿ ಹೆಚ್ಚು; ಆದರೆ ವೇಗ ಕಡಿಮೆಯಿರುವುದರಿಂದ ಅನೇಕವು ತರಚುಗಾಯಕ್ಕೆ ಮುಗಿಯುತ್ತವೆ. ರಸ್ತೆಯಲ್ಲಿ ಬೀಳುವುದು ಕಡಿಮೆ, ಬಿದ್ದರೆ ಪೆಟ್ಟು ದೊಡ್ಡದು, ಜೊತೆಗೆ ಇತರ ವಾಹನಗಳ ಅಪಾಯ. 400 ಕಿ.ಮೀ. ಮೀರಿದ ಸವಾರಿಯಲ್ಲಿ ರಾತ್ರಿಯ ಪಯಣ ಅನಿವಾರ್ಯವಾಗುತ್ತದೆ. ನಿದ್ರೆಗೆಟ್ಟ ಸವಾರನು ನೇರವಾದ, ಸುಗಮವಾದ ರಸ್ತೆಯಲ್ಲೇ ತೂಕಡಿಸುತ್ತಾನೆ. ಗುಡ್ಡದ ಹಾದಿ ಹಾಗೆ ತೂಕಡಿಸಲು ಬಿಡುವುದಿಲ್ಲ.

ಸೈಕಲ್ ಮತ್ತು ದುರಸ್ತಿ

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ರಸ್ತೆ ಸೈಕಲ್ಲಿನ ಕನಿಷ್ಠ ತೂಕ 6.8 ಕಿ.ಗ್ರಾಂ. ಅದರ ಟೈರುಗಳು ಕಿರಿದು, ಗಾಳಿಯ ಒತ್ತಡ ಹೆಚ್ಚು. ಮೌಂಟನ್ ಬೈಕಿನ ಟೈರು ಎರಡು ಅಂಗುಲಕ್ಕೂ ಅಗಲ, ಒತ್ತಡ ಬಹಳ ಕಡಿಮೆ. ಮುಂದೆ ಮತ್ತು ಹಲವು ಬಾರಿ ಹಿಂದೆಯೂ ಆಘಾತ ತಡೆಯುವ ಸಸ್ಪೆನ್ಷನ್ ಇರುತ್ತದೆ. ಸಣ್ಣ ಮುಳ್ಳು ಚುಚ್ಚಿದರೆ ತಾನಾಗಿಯೇ ಮುಚ್ಚಿಕೊಳ್ಳುವಂತೆ ಟ್ಯೂಬಿಲ್ಲದ ಟೈರಿನೊಳಗೆ ದ್ರವವನ್ನು ತುಂಬಲಾಗುತ್ತದೆ. ಗುಡ್ಡದ ಸ್ಪರ್ಧೆಯಲ್ಲಿ ಹೊರಗಿನವರ ನೆರವು ನಿಗದಿತ ಸ್ಥಳಗಳಲ್ಲಿ ಮಾತ್ರ ದೊರೆಯುವುದರಿಂದ, ಚೈನು ತುಂಡಾದರೆ ಜೋಡಿಸಿಕೊಳ್ಳುವ ವಿದ್ಯೆ ಸವಾರನಿಗೆ ಕಾಲಿನ ಬಲದಷ್ಟೇ ಮುಖ್ಯ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ರಸ್ತೆ ಸೈಕ್ಲಿಂಗಿನ ಬೇರು ಉತ್ತರ ಕರ್ನಾಟಕದಲ್ಲಿದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಗ್ರಾಮೀಣ ಕುಟುಂಬಗಳಿಂದ ರಾಷ್ಟ್ರಮಟ್ಟದ ಅನೇಕ ಸವಾರರು ಬಂದಿದ್ದಾರೆ. ಅಲ್ಲಿನ ಬಯಲು, ಎದುರುಗಾಳಿ ಮತ್ತು ಬಿಸಿಲು ರಸ್ತೆ ಸ್ಪರ್ಧೆಗೆ ಹೇಳಿ ಮಾಡಿಸಿದ ಪಾಠಶಾಲೆ. ಬೆಂಗಳೂರಿನಿಂದ ಬ್ರೆವೆ ಸವಾರಿಗಳು ನಿಯಮಿತವಾಗಿ ಹೊರಡುತ್ತವೆ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಕರ್ನಾಟಕ, ತಮಿಳುನಾಡು, ಕೇರಳಗಳಲ್ಲಿ ಹಾದುಹೋಗುವ ಹಲವು ದಿನಗಳ ಸವಾರಿ; 36 ಹಿಮ್ಮುರಿ ತಿರುವುಗಳ ಕಲ್ಹಟ್ಟಿ ಏರು ಅದರ ಹೆಸರಾಂತ ಭಾಗ.

ತುಮರಿ ಪರಿಸರದ ನಿದರ್ಶನ

ತುಮರಿಯು ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಾಚೆಗಿರುವ ಕರೂರು–ಬಾರಂಗಿ ಸೀಮೆಯ ಊರು. ಸಾಗರದಿಂದ ಹೊಳೆಬಾಗಿಲಿನವರೆಗೆ ಬಂದು, ಲಾಂಚಿನಲ್ಲಿ ಹಿನ್ನೀರು ದಾಟಿ ತುಮರಿ, ಸಿಗಂದೂರು, ಬ್ಯಾಕೋಡುಗಳಿಗೆ ಹೋಗುವುದು ದಶಕಗಳ ಕಾಲದ ರೂಢಿ. ಲಾಂಚ್ ಸಂಜೆಗೆ ನಿಲ್ಲುತ್ತಿತ್ತು. ತಪ್ಪಿಸಿಕೊಂಡವರು ಹೊಸನಗರದ ಕಡೆಯಿಂದ ಬಳಸಿ ಬರಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.44 ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆದ ಮೇಲೆ, ಸಾಗರದಿಂದ ತುಮರಿಯ ಮೂಲಕ ಕೊಲ್ಲೂರಿನ ಕಡೆಗೆ ರಸ್ತೆ ಸೈಕಲ್ಲಿಗೆ ತಡೆಯಿಲ್ಲದ ದಾರಿಯಾಗಿದೆ.

ಮಲೆನಾಡಿನ ಇತರ ರಸ್ತೆ ಏರುಗಳೂ ಇಲ್ಲಿಗೆ ದೂರವಲ್ಲ: ಹೊಸನಗರ ತಾಲ್ಲೂಕಿನ ಹುಲಿಕಲ್ ಘಾಟಿ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಘಾಟಿ. ಡಾಂಬರಿನಿಂದ ಕೆಳಗಿಳಿದ ಕೂಡಲೇ ಚಿತ್ರ ಬದಲಾಗುತ್ತದೆ. ಜಂಬಿಟ್ಟಿಗೆ ಮಣ್ಣಿನ ದಾರಿ, ತೋಟದಂಚಿನ ಉಣಗೋಲು, ಹಳ್ಳದ ಮೇಲಿನ ಅಡಿಕೆಮರದ ಸಂಕ, ತರಗೆಲೆಯಡಿ ಕಾಣದ ಬೇರು ಇವೆಲ್ಲವೂ ಸವಾರನನ್ನು ಇಳಿದು ನಡೆಯುವಂತೆ ಮಾಡುತ್ತವೆ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗುವ ಜೀಪಿನ ದಾರಿಯಂತೂ ಉಬ್ಬುಬಂಡೆಗಳಿಂದ ಕೂಡಿದ್ದು, ಕೆಲವೇ ಕಿಲೋಮೀಟರುಗಳಿಗೆ ಗಂಟೆಗಳನ್ನು ತಿನ್ನಬಲ್ಲದು.

ಇಲ್ಲಿ ರಸ್ತೆ ಮತ್ತು ಗುಡ್ಡದ ಹಾದಿಗಳ ನಡುವಿನ ಗೆರೆಯನ್ನು ಎಳೆಯುವುದು ಮಳೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು, ಹುಲಿಕಲ್ ಸಹ ಅದೇ ಸಾಲಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಂಬರಿನ ಮೇಲೂ ಪಾಚಿ ಕಟ್ಟುತ್ತದೆ, ಧರೆ ಕುಸಿಯುತ್ತದೆ, ಮಂಜಿನಲ್ಲಿ ಎದುರಿನ ವಾಹನ ಕಾಣುವುದಿಲ್ಲ. ಕಿರಿದಾದ ಟೈರಿನ ಸವಾರನಿಗೆ ಬೇಸಿಗೆಯಲ್ಲಿ ಸುಲಭವಾಗಿದ್ದ ಇಳಿಜಾರು ಆಗ ಗುಡ್ಡದ ಹಾದಿಯಷ್ಟೇ ಎಚ್ಚರ ಬೇಡುತ್ತದೆ. ಮಣ್ಣುದಾರಿಯಲ್ಲಿ ಕೆಸರು ಚಕ್ರಕ್ಕೂ ಚೌಕಟ್ಟಿಗೂ ನಡುವೆ ತುಂಬಿ ಸೈಕಲ್ಲೇ ಉರುಳದಂತಾಗುತ್ತದೆ. ನಿಂತಲ್ಲಿ ಇಂಬಳ ಹತ್ತುತ್ತದೆ.

ಒಣಗಿದ ಕಾಲವು ಸವಾರಿಗೆ ಹಿತವಾದರೂ ನಿರಪಾಯವಲ್ಲ. ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವಹಾನಿ ಉಂಟುಮಾಡಿತು. ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅದರ ಹಂಗಾಮು ಮೌಂಟನ್ ಬೈಕಿಗೆ ಹೇಳಿಸಿದಂತಹ ಕಾಲವೇ ಆಗಿದೆ. ರಸ್ತೆ ಸವಾರನಿಗೆ ಈ ಭಯ ಬಹುಮಟ್ಟಿಗೆ ಇಲ್ಲ. ತರಗೆಲೆಯ ಮೇಲೆ ಕೂರುವ, ಪೊದೆಗಳನ್ನು ಸವರಿಕೊಂಡು ಹೋಗುವ ಗುಡ್ಡದ ಸವಾರನಿಗೆ ಇದೆ. ಮೈಮುಚ್ಚುವ ಉಡುಪು ಧರಿಸುವುದು, ಉಣುಗು ಹತ್ತದಂತೆ ತೈಲ ಹಚ್ಚಿಕೊಳ್ಳುವುದು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ಕಾಡಿನ ಸವಾರಿಯ ನಂತರ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಈ ಸೀಮೆಯ ಹಲವೆಡೆ ಮೊಬೈಲ್ ಸಂಪರ್ಕ ದುರ್ಬಲ. ಬಿದ್ದು ಕಾಲು ಮುರಿದುಕೊಂಡವನು ರಸ್ತೆಯಲ್ಲಿದ್ದರೆ ಬಸ್ಸೋ ಜೀಪೋ ಎದುರಾಗುತ್ತದೆ. ಕಾಡಿನೊಳಗಿದ್ದರೆ ಸಂಗಡಿಗನೊಬ್ಬ ಹೊರಗೆ ನಡೆದುಬಂದು ಸುದ್ದಿ ಮುಟ್ಟಿಸಬೇಕು. ಆದುದರಿಂದ ಒಂಟಿ ಸವಾರಿ ಸಲ್ಲದು. ಸುತ್ತಲಿನ ಅರಣ್ಯದ ದೊಡ್ಡ ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗಿನ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಾರ್ವಜನಿಕ ರಸ್ತೆಯಲ್ಲಿ ಸಾಗುವ ಸವಾರರಿಗೆ ಈ ನಿಬಂಧನೆ ಅನ್ವಯಿಸುವುದಿಲ್ಲ.