‘ತುಘಲಕ್ ದರ್ಬಾರು’: ಒಂದು ಮಾತಿನ ಮೂಲ ಮತ್ತು ಅರ್ಥ

ಹಿಂದುಮುಂದು ನೋಡದೆ ಆಜ್ಞೆ ಹೊರಡಿಸಿ, ಬಳಿಕ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನು ಕನ್ನಡದಲ್ಲಿ ‘ತುಘಲಕ್ ದರ್ಬಾರು’ ಎನ್ನುವುದು ರೂಢಿ. ಈ ಮಾತು ಬೆರಳುಮಾಡುವುದು ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ (1325–1351) ಕಡೆಗೆ. ಆದರೆ ಅರಬ್ಬಿಯಲ್ಲಿ ‘ಬಿನ್’ ಎಂದರೆ ಮಗ. ‘ತುಘಲಕ್’ ಎಂಬುದು ತಂದೆಯಾದ ಘಿಯಾಸುದ್ದೀನನ ಹೆಸರು. ಎಚ್ಚರದಿಂದ ರಾಜ್ಯವಾಳಿದ ತಂದೆಯ ಹೆಸರು ಮಗನ ಅವಿವೇಕಕ್ಕೆ ಪರ್ಯಾಯಪದವಾಗಿದೆ.

ಆ ಅವಿವೇಕದ ಸ್ವರೂಪವೇನು? ಸುಮಾರು 1330ರಲ್ಲಿ ಸುಲ್ತಾನನು ಬೆಳ್ಳಿಯ ಟಂಕಕ್ಕೆ ಸಮವೆಂದು ತಾಮ್ರ, ಹಿತ್ತಾಳೆಗಳ ನಾಣ್ಯಗಳನ್ನು ಚಲಾವಣೆಗೆ ತಂದನು. ಈ ಕಲ್ಪನೆ ಹುಚ್ಚಿನದಲ್ಲ. 13ನೆಯ ಶತಮಾನದಲ್ಲಿ ಕುಬ್ಲಾಯ್ ಖಾನನ ಚೀನದಲ್ಲಿ ಕಾಗದದ ಹಣವೇ ನಡೆಯುತ್ತಿತ್ತು. ಆದರೆ ದೆಹಲಿಯ ಈ ನಾಣ್ಯವನ್ನು ಖಾಸಗಿಯವರೂ ಸುಲಭವಾಗಿ ಅಚ್ಚುಹಾಕಬಹುದಾಗಿತ್ತು. ಖೋಟಾ ನಾಣ್ಯಗಳು ಹೆಚ್ಚಿ ವ್ಯಾಪಾರ ಕೆಟ್ಟಿತು. ಕೆಲವೇ ವರ್ಷಗಳಲ್ಲಿ ಬೊಕ್ಕಸವು ಅವಕ್ಕೆ ಪ್ರತಿಯಾಗಿ ಬೆಳ್ಳಿಬಂಗಾರವನ್ನು ತೆರಬೇಕಾಯಿತು. ಹಿಂದಿರುಗಿದ ನಾಣ್ಯಗಳು ತುಘಲಕಾಬಾದಿನಲ್ಲಿ, ತಂದೆ ಕಟ್ಟಿಸಿದ ಆ ನಗರದಲ್ಲಿಯೇ, ಬೆಟ್ಟದಂತೆ ಬಿದ್ದಿದ್ದುವೆಂದು ಬರನಿ ಹೇಳುತ್ತಾನೆ.

ಮಹಮ್ಮದನ ಆಸ್ಥಾನದಲ್ಲಿ ಹದಿನೇಳು ವರ್ಷವಿದ್ದು, ಮುಂದಿನ ಆಳ್ವಿಕೆಯಲ್ಲಿ ಸ್ಥಾನ ಕಳೆದುಕೊಂಡು, 1357ರಲ್ಲಿ ಗ್ರಂಥ ಮುಗಿಸಿದವನು ಬರನಿ. ಅವನ ತೀರ್ಪನ್ನು ನಾವು ತೂಗಿನೋಡಿಯೇ ಸ್ವೀಕರಿಸಬೇಕು. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವೂ (1964) ಅವನನ್ನು ಬರಿಯ ಹುಚ್ಚನೆಂದು ಚಿತ್ರಿಸಲಿಲ್ಲ.

ಆದಕಾರಣ ಈ ಮಾತಿಗೆ ‘ಬುದ್ಧಿಹೀನತೆ’ ಎಂದು ಅರ್ಥ ಹೇಳುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಬುದ್ಧಿಯಿದ್ದೂ ಸಾಧನಗಳನ್ನು ಅಳೆಯದಿರುವುದೇ ಅದರ ನಿಜವಾದ ಅರ್ಥ. ‘ಹುಚ್ಚು ದೊರೆ’ ಎಂದು ತರಗತಿಯಲ್ಲಿ ನಕ್ಕು ಮುಂದೆ ಸಾಗಿದರೆ, ಬುದ್ಧಿವಂತರೂ ಎಡವುವುದು ಹೇಗೆಂಬ ಪಾಠವನ್ನೇ ವಿದ್ಯಾರ್ಥಿಗಳು ಕಳೆದುಕೊಳ್ಳುವರು.