ಸದ್ದು ಮಾಡುವ ಚೆಂಡು

ಶಾಲೆಯ ವೇಳಾಪಟ್ಟಿಯಲ್ಲಿ ಡ್ರಿಲ್ ಎಂಬುದು ಬಹಳ ಕಾಲದಿಂದ ಕಡೆಯ ಪೀರಿಯಡ್ಡಾಗಿಯೇ ಉಳಿದು ಬಂದಿದೆ. ಗಣಿತದ ಮೇಷ್ಟರಿಗೆ ಪಾಠ ಮುಗಿಯಲಿಲ್ಲವೆಂದರೆ ಅದನ್ನು ಕೇಳಿ ಪಡೆಯಬಹುದು. ಮಳೆ ಬಂದರೆ ಅದು ತಾನಾಗಿಯೇ ರದ್ದು. ಇಷ್ಟು ಸದರವಾದ ವಿಷಯಕ್ಕೂ ಒಂದು ಇತಿಹಾಸವುಂಟು. ಆ ಇತಿಹಾಸದೊಳಗೆ ಇನ್ನೂ ಸಣ್ಣದೊಂದು ಇತಿಹಾಸವುಂಟು: ಕಣ್ಣು ಕಾಣದ, ಕಿವಿ ಕೇಳದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ಆಟ ಕಲಿಸಹೊರಟವರದು. ಎಲ್ಲವನ್ನೂ ಒಂದೇ ಲೇಖನದಲ್ಲಿ ಹೇಳಲಾಗದು. ಅಂಧ ಮಕ್ಕಳ ಭಾಗವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಇಂಥ ಮಕ್ಕಳನ್ನು ಆಟದ ಬಯಲಿನಿಂದ ದೂರವಿಟ್ಟವರು ದುಷ್ಟರೇನಲ್ಲ. ನಾನು ಮಿಡ್ಲ್‌ಸ್ಕೂಲಿನಲ್ಲಿ ಓದುತ್ತಿದ್ದಾಗ ದೃಷ್ಟಿ ತೀರ ಮಂದವಾಗಿದ್ದ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ. ಅವನಿಗೆ ಡ್ರಿಲ್ಲಿನಿಂದ ವಿನಾಯಿತಿ. ನಾವು ಲೆಫ್ಟ್-ರೈಟ್ ಹಾಕುತ್ತಿದ್ದಷ್ಟು ಹೊತ್ತೂ ಅವನು ಹೊಂಗೆಯ ಮರದಡಿ ಕುಳಿತು ನಮ್ಮ ಚಪ್ಪಲಿಗಳನ್ನು ಕಾಯುತ್ತಿದ್ದ. ಡ್ರಿಲ್ ಮೇಷ್ಟರು ಒಳ್ಳೆಯವರು. "ಪಾಪ, ಬಿದ್ದುಗಿದ್ದಾನು" ಎನ್ನುತ್ತಿದ್ದರು. ಹುಡುಗನ ತಾಯಿಗೆ ಮೇಷ್ಟರ ಮೇಲೆ ಬಹಳ ವಿಶ್ವಾಸ. ಆಡಬೇಕೆಂಬ ಆಸೆ ನಿನಗಿದೆಯೇ ಎಂದು ಹುಡುಗನನ್ನು ಮಾತ್ರ ಯಾರೂ ಕೇಳಿದಂತೆ ನನಗೆ ನೆನಪಿಲ್ಲ.

ಕೇಳಿದವರು ಬೇರೆ ಕಡೆ ಇದ್ದರು, ಅದೂ ಬಹಳ ಹಿಂದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಸ್ಯಾಮ್ಯುಯಲ್ ಗ್ರಿಡ್ಲಿ ಹೋ ಎಂಬ ವೈದ್ಯನಿದ್ದ. ಗ್ರೀಸಿನ ಸ್ವಾತಂತ್ರ್ಯ ಸಮರದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಬಂದವನು. ಒಂದು ಕಡೆ ಸುಮ್ಮನೆ ಕೂರುವ ಜಾಯಮಾನದವನಲ್ಲ. 1832ರಲ್ಲಿ ತನ್ನ ತಂದೆಯ ಮನೆಯಲ್ಲಿಯೇ ಕೆಲವು ಅಂಧ ಮಕ್ಕಳನ್ನು ಕೂಡಿಸಿಕೊಂಡು ಪಾಠ ಆರಂಭಿಸಿದ. ಮುಂದೆ ಪರ್ಕಿನ್ಸ್ ಶಾಲೆಯೆಂದು ಜಗತ್ಪ್ರಸಿದ್ಧವಾದದ್ದು ಇದೇ. ಕೂತಲ್ಲೇ ಕೂರುವುದರಿಂದ ಅಂಧ ಮಕ್ಕಳ ದೇಹಬಲ ಕುಂದುತ್ತದೆಂಬುದು ಹೋನ ಎಣಿಕೆ. ಆದ್ದರಿಂದ ಮೊದಲ ಎಂಟು ವರ್ಷ ಆತನ ಶಾಲೆಯಲ್ಲಿ ವ್ಯಾಯಾಮವೆಂದರೆ ಮಕ್ಕಳು ದಿನವೂ ಕಡ್ಡಾಯವಾಗಿ ಬಯಲಿಗೆ ಹೋಗಿ ಆಡಿ ಬರುವುದು, ಅಷ್ಟೆ. 1839ರಲ್ಲಿ ಶಾಲೆ ದಕ್ಷಿಣ ಬಾಸ್ಟನ್ನಿನಲ್ಲಿ ಹೋಟೆಲೊಂದಾಗಿದ್ದ ದೊಡ್ಡ ಕಟ್ಟಡಕ್ಕೆ ಹೋಯಿತು. ಅಲ್ಲಿ ಹುಡುಗರಿಗೆ ಅಂಗಸಾಧನೆ, ಈಜು ಎರಡೂ ಮೊದಲಾದವು. ಕಣ್ಣಿರುವ ಮಕ್ಕಳ ಸರಕಾರಿ ಶಾಲೆಗಳಲ್ಲಿಯೇ ಆಗ ಇಂಥ ಏರ್ಪಾಡು ಅಪರೂಪವಾಗಿದ್ದಿತು.

ಈ ಪರ್ಕಿನ್ಸ್ ಶಾಲೆಯಲ್ಲಿ ಸಂಗೀತ ಕಲಿಸಲು ಬಂದ ಒಬ್ಬ ಮೇಷ್ಟರ ಕಥೆ ನನಗೆ ಹೋನ ಕಥೆಗಿಂತ ಹೆಚ್ಚು ಪ್ರಿಯವಾದದ್ದು. ಹೆಸರು ಫ್ರಾನ್ಸಿಸ್ ಜೋಸೆಫ್ ಕ್ಯಾಂಪ್ಬೆಲ್. 1832ರಲ್ಲಿ ಟೆನೆಸಿಯಲ್ಲಿ ಹುಟ್ಟಿದವನು. ತೀರ ಚಿಕ್ಕವನಾಗಿದ್ದಾಗ ಮುಳ್ಳು ಚುಚ್ಚಿ ಕಣ್ಣು ಕಳೆದುಕೊಂಡ. ಗುಲಾಮಗಿರಿ ತಪ್ಪೆಂದು ಬಾಯಿಬಿಟ್ಟು ಹೇಳಿದ್ದಕ್ಕೆ ತವರು ಸೀಮೆಯಲ್ಲಿ ಪ್ರಾಣಭಯಕ್ಕೆ ಗುರಿಯಾದವನೂ ಹೌದು. ಯೂರೋಪಿಗೆ ಹೋಗಿ, ಇಂಗ್ಲೆಂಡಿನಲ್ಲಿ ಥಾಮಸ್ ರೋಡ್ಸ್ ಆರ್ಮಿಟೇಜ್ ಎಂಬ ಮಂದದೃಷ್ಟಿಯ ವೈದ್ಯನ ಪರಿಚಯವಾಗಿ, ಇಬ್ಬರೂ ಸೇರಿ 1872ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಸಮೀಪದಲ್ಲಿ ಅಂಧರ ಕಾಲೇಜೊಂದನ್ನು ತೆರೆದರು. ಅಂಧರು ಭಿಕ್ಷೆಗೂ ದಾನಕ್ಕೂ ಕೈಯೊಡ್ಡದೆ ಪಿಯಾನೊ ಶ್ರುತಿಮಾಡುವ, ಆರ್ಗನ್ ನುಡಿಸುವ ಕೆಲಸಗಳಿಂದ ತಮ್ಮ ಅನ್ನ ತಾವು ದುಡಿಯಬೇಕೆಂಬುದು ಕಾಲೇಜಿನ ಉದ್ದೇಶ.

ಇಲ್ಲಿಯವರೆಗೆ ವಿಶೇಷವೇನಿಲ್ಲ, ಕಸುಬು ಕಲಿಸುವ ಅಂಧಶಾಲೆಗಳು ಬೇರೆಯೂ ಇದ್ದವು. ಕ್ಯಾಂಪ್ಬೆಲ್ ಒಂದು ಹೆಜ್ಜೆ ಮುಂದೆ ಯೋಚಿಸಿದ. ಶ್ರುತಿಗಾರನಿಗೆ ಕಿವಿ ಎಷ್ಟೇ ಸೂಕ್ಷ್ಮವಾಗಿರಲಿ, ಮನೆಯಿಂದ ಮನೆಗೆ ಒಬ್ಬನೇ ನಡೆದುಹೋಗುವ ಧೈರ್ಯವಿಲ್ಲದಿದ್ದರೆ ಅವನ ವಿದ್ಯೆ ಯಾರಿಗೆ ಬೇಕು? ಗಿರಾಕಿಯ ಬಾಗಿಲಿಗೆ ಅಳುಕುತ್ತ, ತಡವರಿಸುತ್ತ ಬಂದವನಿಗೆ ಕೆಲಸ ಕೊಡುವವರಾರು? ಧೈರ್ಯವನ್ನು ಪಾಠದ ಕೋಣೆಯಲ್ಲಿ ಕಲಿಸಲಾಗದು. ಆದ್ದರಿಂದ ಆತನ ಕಾಲೇಜಿಗೆ ವ್ಯಾಯಾಮಶಾಲೆ ಬಂತು, ಈಜುಕೊಳ ಬಂತು, ಚಕ್ರದ ಬೂಟು ಕಟ್ಟಿಕೊಂಡು ಜಾರಾಡುವ ಅಂಗಳ ಬಂತು. ವಿದ್ಯಾರ್ಥಿಗಳು ದೋಣಿ ನಡೆಸಿದರು. ಹಲವರು ಒಟ್ಟಿಗೆ ಕುಳಿತು ತುಳಿಯುವ ಸೈಕಲ್ಲುಗಳಲ್ಲಿ, ಮುಂದೆ ಕಣ್ಣಿರುವವನೊಬ್ಬನನ್ನು ಕೂರಿಸಿಕೊಂಡು, ರಸ್ತೆಗಿಳಿದರು. ತಾನು ಮಾಡದೆ ಇತರರಿಗೆ ಬೋಧಿಸುವ ಪೈಕಿ ಕ್ಯಾಂಪ್ಬೆಲ್ ಆಗಿರಲಿಲ್ಲ. 1880ರಲ್ಲಿ, ತನ್ನ ನಾಲ್ವತ್ತೆಂಟನೆಯ ವಯಸ್ಸಿನ ಸುಮಾರಿಗೆ, ಮಾರ್ಗದರ್ಶಿಗಳೊಡನೆ ಆಲ್ಪ್ಸ್ ಪರ್ವತಶ್ರೇಣಿಯ ಮೌಂಟ್ ಬ್ಲಾಂಕ್ ಶಿಖರವನ್ನು ಹತ್ತಿ ಬಂದ. ಕಣ್ಣಿಲ್ಲದವನು ಶಿಖರಕ್ಕೇರಿ ನೋಡುವುದೇನಿದೆ ಎಂದು ಕೇಳುವವರು ಆಗಲೂ ಇದ್ದಿರಬೇಕು. ಹತ್ತಿದವರೆಲ್ಲ ನೋಡುವುದಕ್ಕಾಗಿಯೇ ಹತ್ತುತ್ತಾರೆಂದು ಇವರಿಗೆ ಹೇಳಿದವರಾರೋ! 1909ರಲ್ಲಿ ಕ್ಯಾಂಪ್ಬೆಲ್ಲನಿಗೆ ಸರ್ ಪದವಿ ಬಂತು, 1914ರಲ್ಲಿ ತೀರಿಕೊಂಡ.

ಈಜು, ದೋಣಿ, ಬೆಟ್ಟ ಹತ್ತುವುದು, ಇವಕ್ಕೆಲ್ಲ ಚೆಂಡು ಬೇಕಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಚೆಂಡಾಟವೆಂದರೆ ಕಣ್ಣಿನ ಆಟ. ಅದನ್ನು ಕಿವಿಯ ಆಟ ಮಾಡಿದವರು ಪಂಡಿತರಲ್ಲ. 1922ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಕಾರ್ಖಾನೆಯ ಅಂಧ ಕೆಲಸಗಾರರಿಬ್ಬರು ಡಬ್ಬಿಯೊಂದರೊಳಗೆ ಕಲ್ಲು ತುಂಬಿ ಅದನ್ನೇ ಚೆಂಡಾಗಿ ಮಾಡಿಕೊಂಡು ಕ್ರಿಕೆಟ್ ಆಡತೊಡಗಿದರು. ಡಬ್ಬಿ ಉರುಳಿದರೆ ಗಲಗಲ ಸದ್ದು. ಸದ್ದು ಬಂದ ಕಡೆಗೆ ಬ್ಯಾಟು. 1928ರ ಹೊತ್ತಿಗೆ ಆ ಊರಿನ ಕೂಯಾಂಗಿನಲ್ಲಿ ಅಂಧರದೇ ಆದ ಆಟದ ಬಯಲೂ ಅದಕ್ಕೊಂದು ಕಟ್ಟಡವೂ ಆದವು. ಅಜ್ಜಿಯರು ಮಗುವನ್ನು ಸಮಾಧಾನ ಮಾಡಲು ಗಿಲಕಿ ಆಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. ತತ್ತ್ವ ಅದೇ.

ಇನ್ನೊಂದು ಆಟ ಯುದ್ಧದಿಂದ ಹುಟ್ಟಿದ್ದು. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರಿಗಾಗಿ 1946ರಲ್ಲಿ ಆಸ್ಟ್ರಿಯದ ಹಾನ್ಸ್ ಲೊರೆನ್ಜೆನ್, ಜರ್ಮನಿಯ ಸೆಪ್ ರೈಂಡ್ಲ್ ಎಂಬಿಬ್ಬರು ಗೋಲ್‌ಬಾಲ್ ಎಂಬ ಆಟವನ್ನು ರೂಪಿಸಿದರು. ಕಣ್ಣಿರುವವರ ಯಾವ ಆಟದ ತಿದ್ದುಪಡಿಯೂ ಇದಲ್ಲ. ಅಂಧರಿಗೆಂದೇ ಮೊದಲಿನಿಂದ ಕಟ್ಟಿದ್ದು. 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ. ಒಂದೊಂದು ಕಡೆ ಮೂವರು. ಒಳಗೆ ಗಂಟೆಗಳಿರುವ ಸುಮಾರು ಒಂದೂಕಾಲು ಕಿಲೋ ತೂಕದ ಚೆಂಡು. ಅದನ್ನು ನೆಲದ ಮೇಲೆ ರಭಸದಿಂದ ಉರುಳಿಸಬೇಕು, ಎದುರಿನವರು ಸದ್ದನ್ನು ಹಿಡಿದು ಮೈಯನ್ನೇ ಅಡ್ಡ ಹಾಕಿ ತಡೆಯಬೇಕು. ಅಂಕಣದ ಗೆರೆಗಳ ಪಟ್ಟಿಯ ಕೆಳಗೆ ಹುರಿಯನ್ನು ಹಾಸಿರುತ್ತಾರೆ. ಆಟಗಾರ ತಾನೆಲ್ಲಿದ್ದೇನೆಂಬುದನ್ನು ಕೈಯಿಂದಲೋ ಕಾಲಿನಿಂದಲೋ ತಡವಿ ತಿಳಿಯುತ್ತಾನೆ. ಅಲ್ಪಸ್ವಲ್ಪ ಕಾಣುವವನಿಗೂ ಕಾಣದವನಿಗೂ ಭೇದವಾಗದಿರಲೆಂದು ಎಲ್ಲರ ಕಣ್ಣಿಗೂ ಪಟ್ಟಿ. ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂರಬೇಕು. ಕೂಗಾಡಿದರೆ ಆಟವೇ ನಿಲ್ಲುತ್ತದೆ. ನಮ್ಮ ಕ್ರೀಡಾಂಗಣಗಳನ್ನು ನೆನೆದರೆ ಈ ನಿಯಮ ಎಲ್ಲ ಆಟಗಳಿಗೂ ಅನ್ವಯಿಸಿದ್ದರೆ ಚೆನ್ನಾಗಿತ್ತೆನಿಸುತ್ತದೆ. 1976ರಲ್ಲಿ ಟೊರಾಂಟೊದಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಪದಕದ ಸ್ಥಾನ ದೊರೆಯಿತು.

ಆದರೆ ಇವೆಲ್ಲ ಅಂಧರ ಶಾಲೆ, ಅಂಧರ ಸಂಘಗಳೊಳಗಿನ ಮಾತು. ನಮ್ಮ ಹೊಂಗೆಯ ಮರದಡಿಯ ಹುಡುಗನಂತೆ, ಕಣ್ಣಿರುವ ಮಕ್ಕಳ ನಡುವೆ ಓದುವವನ ಗತಿಯೇನು? ಈ ಪ್ರಶ್ನೆಯನ್ನು ಹಿಡಿದವನು ಚಾರ್ಲ್ಸ್ ಬ್ಯೂಯೆಲ್. ಕ್ಯಾಲಿಫೋರ್ನಿಯದಲ್ಲಿ ವ್ಯಾಯಾಮ ಶಿಕ್ಷಕ, ಸ್ವತಃ ಮಂದದೃಷ್ಟಿಯವನು. 1947ರಲ್ಲಿ ಅಂಧರ ಆಟಗಳನ್ನು ಕುರಿತ ಒಂದು ಪುಸ್ತಕವನ್ನೂ, 1966ರಲ್ಲಿ ಅಂಧ ಮಕ್ಕಳ ದೈಹಿಕ ಶಿಕ್ಷಣದ ಮೇಲೆ ಮತ್ತೊಂದನ್ನೂ ಬರೆದ. ನಡುವೆ 1950ರಲ್ಲಿ, ದೃಷ್ಟಿದೋಷವುಳ್ಳ ಮಕ್ಕಳ ಓಟ, ಜಿಗಿತ, ಎಸೆತಗಳನ್ನು ಅಳೆದು ಪ್ರಕಟಿಸಿದ. ಮನೆಯಲ್ಲಿ ಅತಿಯಾಗಿ ಜೋಪಾನ ಮಾಡಿ ಬೆಳೆಸಿದ ಮಕ್ಕಳು ಹಿಂದೆ ಬಿದ್ದಿದ್ದರೆಂಬುದು ಆ ಅಳತೆಯಿಂದ ಹೊರಬಿದ್ದ ಸಂಗತಿ. ಮೇಷ್ಟರು ತಪ್ಪಿಸಹೊರಟ ಎಡವುವಿಕೆಯನ್ನು ವಿನಾಯಿತಿಯೇ ಬೆಳೆಸುತ್ತಿದ್ದಿತು ಎಂದಾಯಿತು.

ಬ್ಯೂಯೆಲ್ ಹೇಳಿದ ಉಪಾಯಗಳು ದುಬಾರಿಯವಲ್ಲ. ಮಾತಿನಲ್ಲಿ ವಿವರಿಸಿ, ಮಗುವಿನ ಕೈಕಾಲು ಹಿಡಿದು ಚಲನೆಯನ್ನು ತೋರಿಸಿ, ಎಲ್ಲ ಆಟವನ್ನೂ ಬದಲಿಸಹೋಗಬೇಡಿ, ಬದಲಿಸಬೇಕಾದ ಒಂದೆರಡು ನಿಯಮವನ್ನಷ್ಟೇ ಬದಲಿಸಿ. ಕುಸ್ತಿ ಆತನಿಗೆ ಪ್ರಿಯವಾದ ಉದಾಹರಣೆ. ಇಬ್ಬರೂ ಪರಸ್ಪರ ಕೈ ತಾಗಿಸಿಕೊಂಡು ಆರಂಭಿಸಬೇಕೆಂಬ ಒಂದೇ ನಿಯಮ ಸೇರಿಸಿದರೆ ಅಂಧ ಬಾಲಕ ಕಣ್ಣಿರುವವನೊಡನೆ ಸರಿಸಮನಾಗಿ ಸೆಣಸಬಲ್ಲ. ಮೈಸೂರಿನ ಹಳೆಯ ಗರಡಿಮನೆಗಳ ಗಿಡ್ಡ ಬಾಗಿಲು, ಒಳಗಿನ ಮಬ್ಬುಗತ್ತಲೆ, ಕೆಮ್ಮಣ್ಣಿನ ಅಖಾಡವನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಪಟ್ಟು ಹಿಡಿಯುವುದು ಕಣ್ಣಲ್ಲ.

'ಹೊಂದಿಸಿದ ದೈಹಿಕ ಶಿಕ್ಷಣ' ಎಂಬ ಅರ್ಥದ ಹೆಸರನ್ನು ಅಮೆರಿಕದ ವ್ಯಾಯಾಮ ಶಿಕ್ಷಕರ ಸಮಿತಿಯೊಂದು 1952ರಲ್ಲಿ ಬಳಕೆಗೆ ತಂದಿತು. ಅದಕ್ಕೆ ಮುಂಚೆ 'ಸರಿಪಡಿಸುವ' ವ್ಯಾಯಾಮ ಎನ್ನುತ್ತಿದ್ದರು. ಹೆಸರಿನ ಬದಲಾವಣೆ ಸಣ್ಣದೆಂದು ತೋರಬಹುದು. ಮೊದಲಿನದರಲ್ಲಿ ಮಗುವನ್ನು ಸರಿಪಡಿಸಬೇಕಾಗಿತ್ತು, ಎರಡನೆಯದರಲ್ಲಿ ಆಟವನ್ನು. 1975ರಲ್ಲಿ ಅಲ್ಲಿನ ಕಾನೂನೇ ವಿಶೇಷ ಶಿಕ್ಷಣದ ವ್ಯಾಖ್ಯೆಯಲ್ಲಿ ದೈಹಿಕ ಶಿಕ್ಷಣವನ್ನು ಹೆಸರಿಸಿ ಸೇರಿಸಿತು.

ನಮ್ಮಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆ್ಯನಿ ಶಾರ್ಪ್ ಎಂಬ ಮಹಿಳೆಯಿಂದ ಆರಂಭವಾಯಿತು. ಮೈಸೂರಿನಲ್ಲಿ ಅಂಧರ ಹಾಗೂ ಕಿವುಡರ ಶಾಲೆ ತೆರೆದದ್ದು 1901ರಲ್ಲಿ. ಇಂಥ ಶಾಲೆಗಳು ಬಹುಕಾಲ ಒತ್ತುಕೊಟ್ಟದ್ದು ಬೆತ್ತದ ಹೆಣಿಗೆ, ಸಂಗೀತಗಳಿಗೆ. ಶಾಲೆಗಳು ಅಂಗವಿಕಲ ಮಕ್ಕಳಿಗೆ ಇತರರಷ್ಟೇ ಸಮಾನವಾಗಿ ಆಟದ ಅವಕಾಶ ಕೊಡಬೇಕೆಂದು 2016ರ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕಾನೂನಿನ ಪುಸ್ತಕ ಡ್ರಿಲ್ ಮೇಷ್ಟರ ಕೈಗೆ ಸದ್ದು ಮಾಡುವ ಚೆಂಡನ್ನು ತಂದುಕೊಡುವುದಿಲ್ಲ. ಅದನ್ನು ಶಾಲೆಯೇ ತರಿಸಬೇಕು. ಬಳಸುವುದನ್ನು ಮೇಷ್ಟರಿಗೆ ತರಬೇತಿಯಲ್ಲಿಯೇ ಕಲಿಸಿರಬೇಕು.

ಕಾನೂನಿಗೆ ಮೊದಲೇ ಕ್ರಿಕೆಟ್ ಬಂದಿತ್ತು. ಅಂಧರ ಮೊದಲ ವಿಶ್ವಕಪ್ 1998ರಲ್ಲಿ ದೆಹಲಿಯಲ್ಲಿ ನಡೆಯಿತು. ಮೊದಲ ಟಿ-20 ವಿಶ್ವಕಪ್ 2012ರಲ್ಲಿ ನಮ್ಮ ಬೆಂಗಳೂರಿನಲ್ಲಿ. ಅದನ್ನು ಗೆದ್ದ ಭಾರತ ತಂಡದ ನಾಯಕ ಶೇಖರ್ ನಾಯಕ್ ಕ್ರಿಕೆಟ್ ಕಲಿತದ್ದು ಶಿವಮೊಗ್ಗದ ಅಂಧರ ಶಾಲೆಯಲ್ಲಿ. 2025ರಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ತಂಡದ ನಾಯಕಿ ದೀಪಿಕಾ ಕೂಡ ಕರ್ನಾಟಕದವರೇ.

ಈ ಆಟದ ನಿಯಮಗಳನ್ನು ನಾನು ಕುತೂಹಲದಿಂದ ಓದಿದ್ದೇನೆ. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಸದ್ದು ಮಾಡುವ ಗುಂಡುಗಳು. ಬೌಲರ್ "ರೆಡಿ?" ಎಂದು ಕೇಳಿ, ಬ್ಯಾಟುಗಾರ "ಎಸ್" ಎಂದ ಮೇಲೆಯೇ, "ಪ್ಲೇ" ಎಂದು ಕೂಗಿ ಕೆಳಗೈಯಿಂದ ಚೆಂಡು ಬಿಡಬೇಕು. ಹನ್ನೊಂದು ಜನರಲ್ಲಿ ನಾಲ್ವರಾದರೂ ಪೂರ್ಣ ಅಂಧರಿರಬೇಕು. ಪೂರ್ಣ ಅಂಧನ ಕೈಗೆ ಒಂದು ಪುಟ ಬಿದ್ದು ಬಂದ ಚೆಂಡೂ ಕ್ಯಾಚೇ. ಅವನು ಹೊಡೆದ ಒಂದೊಂದು ರನ್ನೂ ಎರಡಾಗಿ ಲೆಕ್ಕಕ್ಕೆ ಬರುತ್ತದೆ. ನನ್ನ ಗೆಳೆಯರೊಬ್ಬರು ಇದನ್ನು ಕೇಳಿ, "ಇದು ದಾನವಾಯಿತಲ್ಲ ಸ್ವಾಮಿ" ಎಂದರು. ನನಗೆ ಹಾಗೆ ತೋರುವುದಿಲ್ಲ. ರನ್ನು ಎರಡಾಗದಿದ್ದರೆ ಯಾವ ಜಾಣ ನಾಯಕನೂ ಆ ನಾಲ್ವರನ್ನು ಕಡೆಗೆ ಆಡಿಸಲೆಂದು ಕೂರಿಸಿಬಿಡುತ್ತಿದ್ದ; ತಂಡದಲ್ಲಿ ಹೆಸರಿದ್ದೂ ಅವರು ಚಪ್ಪಲಿ ಕಾಯುತ್ತಿದ್ದರು. ಎರಡಾದ ಮೇಲೆ ಅವರನ್ನು ಮೊದಲೇ ಇಳಿಸುವುದು ನಾಯಕನಿಗೇ ಲಾಭ.