ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ತತ್ವಶಾಸ್ತ್ರ, ಭೌತವಿಜ್ಞಾನಗಳು ಮತ್ತು ರಾಜ್ಯಶಾಸ್ತ್ರ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಉನ್ನತ ಶಿಕ್ಷಣವೆಂದೊಡನೆ ಹಾರ್ವರ್ಡ್, ಯೇಲ್, ಷಿಕಾಗೋ ಮೊದಲಾದ ವಿಶ್ವವಿದ್ಯಾನಿಲಯಗಳ ಹೆಸರು ನೆನಪಿಗೆ ಬರುವುದು ಸಹಜ. ಆದರೆ ಆ ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಗಣನೀಯ ಭಾಗವು ಉನ್ನತ ಶಿಕ್ಷಣವನ್ನು ಪ್ರವೇಶಿಸುವುದು ಎರಡು ವರ್ಷಗಳ ಅವಧಿಯ ಸಮುದಾಯ ಕಾಲೇಜುಗಳ ಮೂಲಕ. ಕಡಿಮೆ ಶುಲ್ಕ, ಮನೆಗೆ ಸಮೀಪದ ಆವರಣ, ಅಂಕಗಳ ಕಠಿಣ ನಿರ್ಬಂಧವಿಲ್ಲದ ಪ್ರವೇಶ ಇವು ಈ ಸಂಸ್ಥೆಗಳ ಸಾಮಾನ್ಯ ಲಕ್ಷಣಗಳು. ಶ್ರಮಿಕ ಕುಟುಂಬದ ಒಬ್ಬ ವಿದ್ಯಾರ್ಥಿಯು ತರ್ಕದ ಒಂದು ಪಾಠವನ್ನೋ ಸಂವಿಧಾನದ ಒಂದು ವ್ಯಾಖ್ಯಾನವನ್ನೋ ಮೊದಲ ಬಾರಿಗೆ ಕೇಳುವುದು ಬಹುಮಟ್ಟಿಗೆ ಇಲ್ಲಿಯೇ. ಆದ್ದರಿಂದ ಇಲ್ಲಿ ಏನನ್ನು ಬೋಧಿಸಲಾಗುತ್ತದೆ ಎಂಬುದು ಪಠ್ಯಕ್ರಮಕ್ಕೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ಜ್ಞಾನವು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯೂ ಹೌದು. ತತ್ವಶಾಸ್ತ್ರ, ಭೌತವಿಜ್ಞಾನಗಳು ಮತ್ತು ರಾಜ್ಯಶಾಸ್ತ್ರ ಈ ಕಾಲೇಜುಗಳಲ್ಲಿ ಉಳಿದು ಬಂದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೂನಿಯರ್ ಕಾಲೇಜಿನ ಉಗಮ

ಈ ಸಂಸ್ಥೆಯ ಮೂಲ ಕಲ್ಪನೆ ಸಮುದಾಯಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಶಿಕ್ಷಣತಜ್ಞರಲ್ಲಿ ಹಲವರು ಜರ್ಮನ್ ವಿಶ್ವವಿದ್ಯಾನಿಲಯಗಳ ಸಂಶೋಧನಾ ಪರಂಪರೆಯಿಂದ ಪ್ರಭಾವಿತರಾಗಿದ್ದರು. ಪದವಿಯ ಮೊದಲ ಎರಡು ವರ್ಷಗಳ ಬೋಧನೆ ಪ್ರೌಢಶಿಕ್ಷಣದ ಮುಂದುವರಿಕೆಯೇ ಆಗಿರುವುದರಿಂದ ಅದನ್ನು ಬೇರೆಡೆಗೆ ಒಪ್ಪಿಸಿ, ವಿಶ್ವವಿದ್ಯಾನಿಲಯವು ಉನ್ನತ ಅಧ್ಯಯನಕ್ಕೆ ಮೀಸಲಾಗಬೇಕೆಂಬುದು ಅವರ ಅಭಿಪ್ರಾಯ. ಷಿಕಾಗೋ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷರಾದ ವಿಲಿಯಂ ರೈನಿ ಹಾರ್ಪರ್ ಅವರು ಪದವಿಯ ನಾಲ್ಕು ವರ್ಷಗಳನ್ನು ಎರಡು ಘಟ್ಟಗಳಾಗಿ ವಿಭಜಿಸಿದರು. 1896ರ ವೇಳೆಗೆ ಅವುಗಳಿಗೆ ಜೂನಿಯರ್ ಕಾಲೇಜು, ಸೀನಿಯರ್ ಕಾಲೇಜು ಎಂಬ ಹೆಸರುಗಳು ಬಂದವು.

1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ ಪ್ರೌಢಶಾಲೆಯಲ್ಲಿ ಜೆ. ಸ್ಟ್ಯಾನ್ಲಿ ಬ್ರೌನ್ ಅವರು ಹಾರ್ಪರ್ ಅವರ ಬೆಂಬಲದಿಂದ ಕಾಲೇಜು ಮಟ್ಟದ ತರಗತಿಗಳನ್ನು ಆರಂಭಿಸಿದರು. ಆಗ ಇದ್ದವರು ಆರು ಮಂದಿ ವಿದ್ಯಾರ್ಥಿಗಳು. ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಸಮುದಾಯ ಕಾಲೇಜುಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಕ್ಯಾಲಿಫೋರ್ನಿಯದಲ್ಲಿ 1907ರ ಕಾನೂನು ಪ್ರೌಢಶಾಲೆಗಳಿಗೆ ಇಂತಹ ತರಗತಿಗಳನ್ನು ನಡೆಸುವ ಅಧಿಕಾರ ನೀಡಿತು. 1910ರಲ್ಲಿ ಫ್ರೆಸ್ನೋ ನಗರ ಅದನ್ನು ಮೊದಲು ಬಳಸಿಕೊಂಡಿತು. 1920ರಲ್ಲಿ ಜೂನಿಯರ್ ಕಾಲೇಜುಗಳ ರಾಷ್ಟ್ರೀಯ ಸಂಘ ಸ್ಥಾಪಿತವಾಯಿತು.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಕರ್ನಾಟಕದಲ್ಲಿ ಜೂನಿಯರ್ ಕಾಲೇಜು ಎಂಬ ಹೆಸರು ಪದವಿಪೂರ್ವ ಶಿಕ್ಷಣಕ್ಕೆ, ಅಂದರೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಿಗೆ ರೂಢಿಯಾಯಿತು. ಅಮೆರಿಕದಲ್ಲಿ ಅದು ಹದಿಮೂರು ಮತ್ತು ಹದಿನಾಲ್ಕನೆಯ ವರ್ಷಗಳ ವ್ಯಾಸಂಗವನ್ನು, ಎಂದರೆ ಪದವಿಯ ಮೊದಲರ್ಧವನ್ನು ಸೂಚಿಸುತ್ತದೆ. ಅಲ್ಲಿ ಎರಡು ವರ್ಷ ಕಲಿತವರು ಗಳಿಸಿದ ಕ್ರೆಡಿಟ್‌ಗಳನ್ನು ವಿಶ್ವವಿದ್ಯಾನಿಲಯ ಮಾನ್ಯ ಮಾಡಿದರೆ ಅವರು ನೇರವಾಗಿ ಮೂರನೆಯ ವರ್ಷಕ್ಕೆ ಸೇರಬಹುದು. ಈ ವರ್ಗಾವಣೆಯ ವ್ಯವಸ್ಥೆಯೇ ಮುಂದಿನ ಚರ್ಚೆಯ ಕೀಲಿಕೈ.

ಭೌತವಿಜ್ಞಾನಗಳು

ಭೌತವಿಜ್ಞಾನಗಳು ಎಂಬ ಮಾತು ಇಲ್ಲಿ ಭೌತಶಾಸ್ತ್ರವನ್ನಷ್ಟೇ ಅಲ್ಲದೆ ರಸಾಯನಶಾಸ್ತ್ರ, ಖಗೋಳಶಾಸ್ತ್ರ, ಭೂವಿಜ್ಞಾನಗಳನ್ನೂ ಒಳಗೊಳ್ಳುತ್ತದೆ. ಆರಂಭದ ಜೂನಿಯರ್ ಕಾಲೇಜುಗಳಲ್ಲಿ ಇವುಗಳ ಬೋಧನೆ ವಿಶ್ವವಿದ್ಯಾನಿಲಯದ ಪಠ್ಯದ ಅನುಕರಣೆಯಾಗಿತ್ತು. ಎಂಜಿನಿಯರಿಂಗ್, ವೈದ್ಯಕೀಯ ವ್ಯಾಸಂಗಗಳತ್ತ ಹೋಗುವವರಿಗೆ ಅದು ಅನಿವಾರ್ಯವೂ ಆಗಿತ್ತು. ವಿಜ್ಞಾನವನ್ನೇ ವೃತ್ತಿಯಾಗಿ ಆರಿಸಿಕೊಳ್ಳದ ವಿದ್ಯಾರ್ಥಿಗೆ ಏನನ್ನು ಕಲಿಸಬೇಕು ಎಂಬ ಪ್ರಶ್ನೆ ಮಾತ್ರ ಬಗೆಹರಿದಿರಲಿಲ್ಲ.

1931ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವು ತನ್ನ ಹೊಸ ಯೋಜನೆಯನ್ವಯ ಭೌತವಿಜ್ಞಾನಗಳಿಗೆ ಒಂದು ಸಮಗ್ರ ಪರಿಚಯ ಕೋರ್ಸನ್ನು ರೂಪಿಸಿತು. ಬಿಡಿಬಿಡಿಯಾದ ಶಾಸ್ತ್ರಗಳನ್ನು ಒಂದೇ ನಿರೂಪಣೆಯಲ್ಲಿ ಜೋಡಿಸುವ ಪ್ರಯತ್ನವದು. ಆರ್ಥಿಕ ಮುಗ್ಗಟ್ಟಿನ ಕಾರಣ 1933ರಲ್ಲಿ ಷಿಕಾಗೋ ನಗರದ ಕ್ರೇನ್ ಜೂನಿಯರ್ ಕಾಲೇಜು ಮುಚ್ಚಿಹೋಯಿತು. 1934ರಲ್ಲಿ ಅದರ ಸ್ಥಾನದಲ್ಲಿ ಮೂರು ನಗರ ಕಾಲೇಜುಗಳು ತೆರೆದಾಗ, ಇದೇ ಮಾದರಿಯ ಸಮೀಕ್ಷಾ ಕೋರ್ಸುಗಳು ಅಲ್ಲಿಗೂ ಬಂದವು. ವಿಶ್ವವಿದ್ಯಾನಿಲಯದ ಪ್ರಯೋಗವೊಂದು ಸಾಮಾನ್ಯ ನಾಗರಿಕರ ಮಕ್ಕಳಿಗೆ ಇಷ್ಟು ಶೀಘ್ರವಾಗಿ ತಲುಪಿದುದು ಗಮನಾರ್ಹ ಸಂಗತಿ.

1957ರ ಸ್ಪುಟ್ನಿಕ್ ಉಡಾವಣೆ ಮತ್ತು ಅದರ ಫಲವಾಗಿ ಬಂದ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ದೇಶಾದ್ಯಂತ ವಿಜ್ಞಾನ ಬೋಧನೆಗೆ ಹೊಸ ಒತ್ತು ನೀಡಿದವು. ಕ್ರಮೇಣ ಭೌತಶಾಸ್ತ್ರ ಬೋಧನೆಯಲ್ಲಿ ಮೂರು ಹಂತಗಳು ರೂಢಿಗೊಂಡವು. ಗಣಿತದ ಬಳಕೆ ಅತ್ಯಲ್ಪವಾದ ಪರಿಚಯಾತ್ಮಕ ಕೋರ್ಸು ಒಂದು. ಬೀಜಗಣಿತ ಮತ್ತು ತ್ರಿಕೋನಮಿತಿಯನ್ನು ಆಧರಿಸಿದ್ದು ಇನ್ನೊಂದು. ಎಂಜಿನಿಯರಿಂಗ್ ಅಭ್ಯರ್ಥಿಗಳಿಗಾಗಿ ಕಲನಶಾಸ್ತ್ರವನ್ನು ಆಧರಿಸಿದ್ದು ಮತ್ತೊಂದು. ಕಲನಶಾಸ್ತ್ರಕ್ಕೆ ಮುನ್ನ ಬೀಜಗಣಿತದಲ್ಲಿ ತೇರ್ಗಡೆಯಾಗಬೇಕಾದ ಕ್ರಮವಿರುವುದರಿಂದ, ಗಣಿತದಲ್ಲಿ ಹಿಂದುಳಿದ ವಿದ್ಯಾರ್ಥಿಯು ಮೂರನೆಯ ಹಂತವನ್ನು ತಲುಪುವಷ್ಟರಲ್ಲಿ ವರ್ಷಗಳೇ ಕಳೆಯುತ್ತಿದ್ದವು. ಪ್ರವೇಶದ ಬಾಗಿಲು ತೆರೆದಿದ್ದರೂ ಒಳಗಿನ ಮೆಟ್ಟಿಲುಗಳು ಕಡಿದಾಗಿದ್ದವು.

ರಾಜ್ಯಶಾಸ್ತ್ರ

ರಾಜ್ಯಶಾಸ್ತ್ರದ ಸ್ಥಿತಿ ಇದಕ್ಕಿಂತ ಭಿನ್ನ. ಅದಕ್ಕೆ ಪ್ರಯೋಗಶಾಲೆಯ ವೆಚ್ಚವಿಲ್ಲ, ಪೂರ್ವಸಿದ್ಧತೆಯ ಕಟ್ಟುಪಾಡೂ ಕಡಿಮೆ. ಅದಕ್ಕಿಂತ ಮುಖ್ಯವಾಗಿ ಅದರ ಬೆಂಬಲಕ್ಕೆ ಶಾಸನವೇ ನಿಂತಿತು. ಟೆಕ್ಸಾಸ್‌ನ ಕಾನೂನಿನಂತೆ ರಾಜ್ಯದ ನೆರವು ಪಡೆಯುವ ಕಾಲೇಜುಗಳಲ್ಲಿ ಪದವಿ ಪಡೆಯುವವರು ಸರಕಾರ ಅಥವಾ ರಾಜ್ಯಶಾಸ್ತ್ರದಲ್ಲಿ ಆರು ಸೆಮಿಸ್ಟರ್ ಗಂಟೆಗಳ ವ್ಯಾಸಂಗವನ್ನು ಪೂರೈಸಬೇಕು. ಅದರಲ್ಲಿ ಒಕ್ಕೂಟದ ಸಂವಿಧಾನದ ಜೊತೆಗೆ ಟೆಕ್ಸಾಸ್ ಸಂವಿಧಾನವೂ ಸೇರಿರಬೇಕು. ಕ್ಯಾಲಿಫೋರ್ನಿಯ ಸ್ಟೇಟ್ ವಿಶ್ವವಿದ್ಯಾನಿಲಯದ ಪದವೀಧರರಿಗೂ ಅಮೆರಿಕದ ಇತಿಹಾಸ ಮತ್ತು ಸಂವಿಧಾನದ ಅಧ್ಯಯನ ಕಡ್ಡಾಯವಾಗಿದೆ. ಫ್ಲೋರಿಡಾದಲ್ಲಿ 2017ರ ಕಾನೂನು ಪೌರ ಜ್ಞಾನದ ಅರ್ಹತೆಯನ್ನು ವಿಧಿಸಿತು.

ಈ ಶಾಸನಗಳ ಫಲ ಎರಡು ಬಗೆಯದು. ಶುಶ್ರೂಷೆ, ವಾಣಿಜ್ಯ, ಎಂಜಿನಿಯರಿಂಗ್ ಯಾವುದನ್ನೇ ಗುರಿಯಾಗಿಸಿಕೊಂಡವನೂ ಸಂವಿಧಾನದ ರಚನೆಯನ್ನು ಓದುವಂತಾದುದು ಲಾಭ. ಆದರೆ ಶಾಸನವು ರಕ್ಷಿಸಿದ್ದು ಪ್ರಧಾನವಾಗಿ ಅಮೆರಿಕದ ಸರಕಾರ ಎಂಬ ಒಂದೇ ಕೋರ್ಸನ್ನು. ತೌಲನಿಕ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧಗಳು, ರಾಜಕೀಯ ಚಿಂತನೆ ಇವುಗಳಿಗೆ ಅಂತಹ ಆಶ್ರಯವಿಲ್ಲದ ಕಾರಣ ಸಣ್ಣ ಕಾಲೇಜುಗಳಲ್ಲಿ ಅವು ವಿರಳವಾಗಿಯೇ ಉಳಿದವು.

ತತ್ವಶಾಸ್ತ್ರ

ಮೂರರಲ್ಲಿ ಅತ್ಯಂತ ದುರ್ಬಲ ಸ್ಥಾನದಲ್ಲಿದ್ದದ್ದು ತತ್ವಶಾಸ್ತ್ರ. ಪ್ರೌಢಶಾಲೆಯಲ್ಲಿ ಅದರ ಬೋಧನೆ ಇರಲಿಲ್ಲವಾದ್ದರಿಂದ ಪ್ರೌಢಶಾಲೆಯ ಗರ್ಭದಿಂದ ಹುಟ್ಟಿದ ಜೂನಿಯರ್ ಕಾಲೇಜಿಗೆ ಅದು ಸಹಜವಾಗಿ ಬರಲಿಲ್ಲ. ಬಂದಲ್ಲಿಯೂ ಪರಿಚಯ, ತರ್ಕ, ನೀತಿಶಾಸ್ತ್ರ ಎಂಬ ಮೂರು ಕೋರ್ಸುಗಳಿಗೆ ಸೀಮಿತವಾಗುತ್ತಿತ್ತು.

ಇದರ ಸ್ಥಿತಿಯನ್ನು ಬದಲಿಸಿದ್ದು 1980ರಲ್ಲಿ ಕ್ಯಾಲಿಫೋರ್ನಿಯ ಸ್ಟೇಟ್ ವಿಶ್ವವಿದ್ಯಾನಿಲಯದ ಕುಲಪತಿಗಳ ಕಚೇರಿ ಹೊರಡಿಸಿದ 338ನೆಯ ಆದೇಶ. ಸಾಮಾನ್ಯ ಶಿಕ್ಷಣದ ಭಾಗವಾಗಿ ವಿಮರ್ಶಾತ್ಮಕ ಚಿಂತನೆಯ ವಿಧಿವತ್ತಾದ ಬೋಧನೆಯನ್ನು ಅದು ಅಗತ್ಯಗೊಳಿಸಿತು. ವರ್ಗಾವಣೆಯನ್ನು ಬಯಸುವ ವಿದ್ಯಾರ್ಥಿಗಳಿಗಾಗಿ ಸಮುದಾಯ ಕಾಲೇಜುಗಳೂ ಇದನ್ನು ಪಾಲಿಸಬೇಕಾಯಿತು. ತರ್ಕವನ್ನು ಬೋಧಿಸುತ್ತಿದ್ದ ತತ್ವಶಾಸ್ತ್ರ ವಿಭಾಗಗಳಿಗೆ ಇದರಿಂದ ಜೀವ ಬಂದಿತು. ವಾದದ ಆಧಾರವಾಕ್ಯ ಯಾವುದು, ನಿರ್ಣಯ ಯಾವುದು, ಹೇತ್ವಾಭಾಸ ಎಲ್ಲಿದೆ ಎಂಬ ವಿಚಾರಗಳು ಪತ್ರಿಕೆ, ಜಾಹೀರಾತುಗಳ ಉದಾಹರಣೆಗಳೊಂದಿಗೆ ತರಗತಿಗೆ ಬಂದವು. ಆದರೆ 1991ರಲ್ಲಿ ರೂಪುಗೊಂಡ ಅಂತರ್‌ವಿಭಾಗೀಯ ವರ್ಗಾವಣಾ ಪಠ್ಯಕ್ರಮವು ವಿಮರ್ಶಾತ್ಮಕ ಚಿಂತನೆಯನ್ನು ಇಂಗ್ಲಿಷ್ ಪ್ರಬಂಧ ರಚನೆಯೊಂದಿಗೆ ಜೋಡಿಸಿದ್ದರಿಂದ, ಈ ಕ್ಷೇತ್ರವನ್ನು ಇಂಗ್ಲಿಷ್ ವಿಭಾಗಗಳೂ ಹಂಚಿಕೊಂಡವು. 2025ರಲ್ಲಿ ಅದರ ಸ್ಥಾನಕ್ಕೆ ಬಂದ ಏಕರೂಪದ ಪಠ್ಯಕ್ರಮದಲ್ಲಿಯೂ ಈ ಜೋಡಣೆ ಮುಂದುವರಿದಿದೆ. ತತ್ವಶಾಸ್ತ್ರವು ತನ್ನ ಹೆಸರಿನಿಂದಲ್ಲ, ತನ್ನ ಒಂದು ಉಪಕರಣದಿಂದ ಉಳಿಯಿತು ಎನ್ನಬಹುದು.

ತೆರೆದ ಬಾಗಿಲಿನ ವಿಮರ್ಶೆ

1944ರ ಯೋಧರ ಪುನರ್ವಸತಿ ಕಾಯಿದೆ ಲಕ್ಷಾಂತರ ಮಾಜಿ ಸೈನಿಕರನ್ನು ಕಾಲೇಜುಗಳಿಗೆ ತಂದಿತು. ಜಾರ್ಜ್ ಝೂಕ್ ಅವರ ಅಧ್ಯಕ್ಷತೆಯ ಟ್ರೂಮನ್ ಆಯೋಗವು 1947ರ ವರದಿಯಲ್ಲಿ ಹದಿನಾಲ್ಕನೆಯ ವರ್ಷದವರೆಗೆ ಉಚಿತ ಶಿಕ್ಷಣವನ್ನು ಪ್ರತಿಪಾದಿಸಿತು. ಸಮುದಾಯ ಕಾಲೇಜು ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಈ ವರದಿಯಿಂದಲೇ. ಸಾಮಾನ್ಯ ಶಿಕ್ಷಣ ಮತ್ತು ವೃತ್ತಿಶಿಕ್ಷಣ ಒಂದೇ ಸೂರಿನಡಿ ಇರಬೇಕೆಂಬುದು ಅದರ ಆಶಯ. 1960ರ ಕ್ಯಾಲಿಫೋರ್ನಿಯ ಮಹಾಯೋಜನೆಯು ಪ್ರೌಢಶಾಲಾ ಪದವೀಧರರಲ್ಲಿ ಮೇಲಿನ ಎಂಟನೆಯ ಒಂದು ಭಾಗವನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೂ, ಮೇಲಿನ ಮೂರನೆಯ ಒಂದು ಭಾಗವನ್ನು ಸ್ಟೇಟ್ ಕಾಲೇಜುಗಳಿಗೂ ನಿಗದಿಪಡಿಸಿ, ಉಳಿದೆಲ್ಲರಿಗೂ ಜೂನಿಯರ್ ಕಾಲೇಜುಗಳನ್ನು ತೆರೆದಿಟ್ಟಿತು.

ಅದೇ 1960ರಲ್ಲಿ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಅವರು ಸ್ಯಾನ್ ಹೋಸೆಯ ಅಧ್ಯಯನವನ್ನು ಆಧರಿಸಿ ಕಟುವಾದ ಪ್ರಶ್ನೆಯೊಂದನ್ನು ಎತ್ತಿದರು. ವಿಶ್ವವಿದ್ಯಾನಿಲಯದ ಕನಸಿನಿಂದ ಬಂದವರ ಆಕಾಂಕ್ಷೆಯನ್ನು ಪರೀಕ್ಷೆ, ಸಲಹೆಗಳ ಮೂಲಕ ನಿಧಾನವಾಗಿ ತಣಿಸಿ ಕಿರು ಅವಧಿಯ ವೃತ್ತಿ ಕೋರ್ಸುಗಳತ್ತ ತಿರುಗಿಸುವುದೂ ಈ ಕಾಲೇಜುಗಳ ಒಂದು ಕಾರ್ಯ ಎಂಬುದು ಅವರ ವಿಶ್ಲೇಷಣೆ. ಸ್ಟೀವನ್ ಬ್ರಿಂಟ್ ಮತ್ತು ಜೆರೋಮ್ ಕ್ಯಾರಬೆಲ್ ಅವರು 1989ರ ತಮ್ಮ ಕೃತಿಯಲ್ಲಿ, ವೃತ್ತಿಶಿಕ್ಷಣದತ್ತ ವಾಲಿದ್ದು ಕೇವಲ ವಿದ್ಯಾರ್ಥಿಗಳ ಬಯಕೆಯಿಂದಲ್ಲ, ಸಂಸ್ಥೆಗಳ ಮುಂದಾಳುಗಳ ಪ್ರಯತ್ನದಿಂದ ಎಂದು ವಾದಿಸಿದರು. ಈ ಟೀಕೆಯಲ್ಲಿ ಸತ್ಯಾಂಶವಿದೆ. ಆದರೂ ವೃತ್ತಿಶಿಕ್ಷಣವನ್ನು ಹೀಗಳೆಯುವುದು ಸರಿಯಲ್ಲ. ದುಡಿಮೆಗೆ ದಾರಿ ಬೇಕಾದವನಿಗೆ ಅದು ನಿಜವಾದ ನೆರವು. ದುಡಿಮೆಗೆ ಸಿದ್ಧನಾಗುವವನಿಗೆ ಸಂವಿಧಾನ, ತರ್ಕ, ನಿಸರ್ಗನಿಯಮಗಳ ಅರಿವು ಬೇಕಿಲ್ಲವೆಂದು ಭಾವಿಸುವಲ್ಲಿ ದೋಷವಿದೆ.

ಸಮಾರೋಪ

ಒಟ್ಟಿನಲ್ಲಿ, ಈ ಮೂರು ಜ್ಞಾನಶಾಖೆಗಳೂ ಸಮುದಾಯ ಕಾಲೇಜಿನಲ್ಲಿ ಬೇರೆ ಬೇರೆ ಆಸರೆಗಳಿಂದ ಉಳಿದವು. ಭೌತವಿಜ್ಞಾನಗಳಿಗೆ ಎಂಜಿನಿಯರಿಂಗ್, ವೈದ್ಯಕೀಯ ವ್ಯಾಸಂಗಗಳ ಅಗತ್ಯ ಆಸರೆಯಾಯಿತು, ರಾಜ್ಯಶಾಸ್ತ್ರಕ್ಕೆ ಶಾಸನ, ತತ್ವಶಾಸ್ತ್ರಕ್ಕೆ ವಿಶ್ವವಿದ್ಯಾನಿಲಯದ ಒಂದು ಆದೇಶ. ಮೂರರ ಹಿಂದೆಯೂ ಇದ್ದದ್ದು ವರ್ಗಾವಣೆಯ ಹಾದಿ. ಆ ಹಾದಿ ತೆರೆದಿರುವವರೆಗೆ ಈ ವಿಷಯಗಳಿಗೆ ಸ್ಥಾನವಿದೆ.

ಭಾರತದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾನಿಲಯ ಸಮುದಾಯ ಕಾಲೇಜೊಂದನ್ನು ಆರಂಭಿಸಿತು. ಅನಂತರದ ವರ್ಷಗಳಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ ಇಂತಹ ಯೋಜನೆಯನ್ನು ರೂಪಿಸಿತು. ಇಲ್ಲಿ ಒತ್ತು ಬಿದ್ದದ್ದು ಮುಖ್ಯವಾಗಿ ಕೌಶಲ ತರಬೇತಿಯ ಮೇಲೆ. ಕೈಗೆ ಕೌಶಲವನ್ನು ಕೊಡುವ ಸಂಸ್ಥೆಯೇ ಬುದ್ಧಿಗೆ ಪ್ರಶ್ನಿಸುವ ಶಕ್ತಿಯನ್ನೂ ಕೊಡಬಲ್ಲದೆ ಎಂಬುದನ್ನು ವಿಚಾರಮಾಡುವವರಿಗೆ ಜೋಲಿಯೆಟ್‌ನ ಆರು ಮಂದಿ ವಿದ್ಯಾರ್ಥಿಗಳಿಂದ ಆರಂಭವಾದ ಈ ಚರಿತ್ರೆ ಉಪಯುಕ್ತ ಆಕರವಾಗಬಲ್ಲದು.